ಚತುಶ್ಚಕ್ರಚಾಲನೆಯ ಇತಿಹಾಸವೂ ದೋಷನಿದಾನವೂ

೧

ಎತ್ತಿನ ಗಾಡಿಯ ಚಕ್ರವು ಎಳೆಯಲ್ಪಡುವುದೇ ಹೊರತು ತಾನು ಎಳೆಯುವುದಿಲ್ಲ. ನೆಲವನ್ನು ಮೆಟ್ಟಿ ಬಲವನ್ನು ಹಾಕುವುದು ಎತ್ತಿನ ಗೊರಸು. ಭಾರವನ್ನು ಹೊತ್ತು ಉರುಳುವುದಷ್ಟೆ ಚಕ್ರದ ಕೆಲಸ. ಮೋಟಾರು ಗಾಡಿಯಲ್ಲಾದರೋ ಗೊರಸಿನ ಕೆಲಸವೂ ಚಕ್ರಕ್ಕೇ ಬಂದಿತು. ಎಂಜಿನ್ನು ಹುಟ್ಟಿಸಿದ ಬಲದಿಂದ ಚಕ್ರವು ತಿರುಗಿ, ನೆಲವನ್ನು ಹಿಡಿದು ಹಿಂದಕ್ಕೆ ನೂಕಿದರೆ ಮಾತ್ರ ಗಾಡಿಯು ಮುಂದಕ್ಕೆ ಸರಿಯುವುದು. ಗಟ್ಟಿಯಾದ ರಸ್ತೆಯ ಮೇಲೆ ಎರಡು ಚಕ್ರಗಳು ಈ ಕೆಲಸಕ್ಕೆ ಸಾಕು. ಕೆಸರು, ಮರಳು, ಹಿಮ, ಕಡಿದಾದ ಏರು ಇವುಗಳಲ್ಲಿ ಸಾಲವು. ಈ ಕೊರತೆಯನ್ನು ನೀಗಲು ನಾಲ್ಕು ಚಕ್ರಗಳಿಗೂ ಬಲವನ್ನು ಹಂಚುವ ಏರ್ಪಾಡು ಹುಟ್ಟಿತು. ಫೋರ್ ವ್ಹೀಲ್ ಡ್ರೈವ್ ಎಂದು ಲೋಕದಲ್ಲಿ ಪ್ರಸಿದ್ಧವಾಗಿರುವ ಇದನ್ನು ಈ ಲೇಖನದಲ್ಲಿ ಚತುಶ್ಚಕ್ರಚಾಲನೆಯೆಂದು ಕರೆಯಲಾಗುವುದು.

ಎಸ್‌ಯುವಿ ಎಂದು ಹೆಸರಾದ ಈಗಿನ ದೊಡ್ಡ ಮೋಟಾರುಗಳಲ್ಲಿ ಈ ಏರ್ಪಾಡಿಗೆ ಕೇಡು ಬಂದರೆ ಚಾಲಕನ ಮುಂದೆ ಒಂದು ದೀಪವು ಹತ್ತುವುದು, ಇಲ್ಲವೆ ಗೇರುಗಳು ಬದಲಾಗದೆ ಒಂದರಲ್ಲಿಯೇ ನಿಂತುಬಿಡುವುವು. ಕೇಡು ಯಾವ ಭಾಗದಲ್ಲಿದೆಯೆಂಬುದು ಮಾತ್ರ ಅದರಿಂದ ತಿಳಿಯುವುದಿಲ್ಲ. ಹಳೆಯ ಜೀಪಿನ ರೋಗವನ್ನು ಊರಿನ ಮೇಸ್ತ್ರಿಯು ಕೈಯಿಂದ ಮುಟ್ಟಿ, ಕಿವಿಯಿಂದ ಕೇಳಿ ಹೇಳಬಲ್ಲವನಾಗಿದ್ದನು. ಅದಕ್ಕಿಂತ ಎಷ್ಟೋ ಸುಧಾರಿಸಿದ ವಾಹನದ ರೋಗವು ಅವನಿಗೆ ಏಕೆ ದುರ್ಜ್ಞೇಯವಾಯಿತು? ಎಂಜಿನ್ನಿನ ದೋಷವನ್ನು ಓದಿ ಹೇಳುವ ಅಗ್ಗದ ಉಪಕರಣಗಳೂ ಚಕ್ರಗಳ ವಿಷಯಕ್ಕೆ ಬಂದಾಗ ಅನೇಕ ವೇಳೆ ಮೂಕವಾಗುವುದೇಕೆ? ಈ ಪ್ರಶ್ನೆಗಳಿಗೆ ಉತ್ತರವು ಯಂತ್ರದ ರಚನೆಯಲ್ಲಿರುವಷ್ಟೇ ಅದರ ಇತಿಹಾಸದಲ್ಲಿಯೂ ಇದೆಯೆಂದು ತೋರಿಸುವುದು ಈ ಲೇಖನದ ಉದ್ದೇಶ.

೨

ಚತುಶ್ಚಕ್ರಚಾಲನೆಯು ಎರಡನೆಯ ಮಹಾಯುದ್ಧದ ಜೀಪಿನೊಡನೆ ಹುಟ್ಟಿತೆಂಬ ನಂಬಿಕೆಯು ಸಾಮಾನ್ಯವಾಗಿದೆ. ಆದರೆ ಕಾಲಗಣನೆಗೆ ಅದು ಹೊಂದುವುದಿಲ್ಲ. ೧೮೯೩ರಷ್ಟು ಹಿಂದೆಯೇ ಬ್ರಾಮಾ ಜೋಸೆಫ್ ಡಿಪ್ಲಾಕ್ ಎಂಬ ಆಂಗ್ಲ ಯಂತ್ರಶಿಲ್ಪಿಯು ಉಗಿಯಿಂದ ನಡೆಯುವ ಎಳೆಬಂಡಿಗೆ ಇಂತಹ ಏರ್ಪಾಡೊಂದನ್ನು ಕಲ್ಪಿಸಿ ಪೇಟೆಂಟು ಪಡೆದಿದ್ದನು. ೧೯೦೦ರ ಸುಮಾರಿಗೆ ವಿಯೆನ್ನಾ ನಗರದ ಲೋನರ್ ಸಂಸ್ಥೆಯಲ್ಲಿದ್ದ ಫೆರ್ಡಿನಂಡ್ ಪೋರ್ಷೆಯು ನಾಲ್ಕು ಚಕ್ರಗಳ ನಾಭಿಯಲ್ಲಿಯೂ ಒಂದೊಂದು ವಿದ್ಯುತ್ ಮೋಟಾರನ್ನು ಕೂರಿಸಿದ ವಾಹನವನ್ನು ರಚಿಸಿದನು. ಪೆಟ್ರೋಲು ಎಂಜಿನ್ನಿನ ಕಾರಿನಲ್ಲಿ ಇದನ್ನು ಮೊದಲು ಸಾಧಿಸಿದವರು ಹಾಲೆಂಡಿನ ಸ್ಪೈಕರ್ ಸೋದರರು. ೧೯೦೩ರಲ್ಲಿ ಅವರು ನಿರ್ಮಿಸಿದ ಆರು ಸಿಲಿಂಡರುಗಳ ಕಾರಿನಲ್ಲಿ ಬಲವೂ ಬ್ರೇಕೂ ನಾಲ್ಕು ಚಕ್ರಗಳಿಗೂ ಸಲ್ಲುತ್ತಿದ್ದವು. ಆ ಕಾರು ಇಂದಿಗೂ ಹೇಗ್ ನಗರದ ಲೌಮನ್ ವಸ್ತುಸಂಗ್ರಹಾಲಯದಲ್ಲಿ ರಕ್ಷಿತವಾಗಿದೆ.

ಇವೆಲ್ಲ ಒಂದೆರಡು ಮಾದರಿಗಳಾಗಿ ನಿಂತವು. ಬಳಕೆಗೆ ಬರಬೇಕಾದರೆ ಒಂದು ತೊಡಕನ್ನು ಬಿಡಿಸಬೇಕಾಗಿದ್ದಿತು. ಹಿಂದಿನ ಚಕ್ರಗಳಿಗೆ ಬಲವನ್ನು ಒಪ್ಪಿಸುವುದು ಸುಲಭ; ಅವು ಅತ್ತಿತ್ತ ಹೊರಳುವುದಿಲ್ಲ. ಮುಂದಿನ ಚಕ್ರಗಳಾದರೋ ದಾರಿಯ ತಿರುವಿನೊಡನೆ ತಾವೂ ಹೊರಳಬೇಕು, ಹೊರಳಿಕೊಂಡಿರುವಾಗಲೇ ಬಲವನ್ನೂ ಪಡೆಯಬೇಕು. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಯಂತ್ರಗಳ ದುರಸ್ತಿಯ ಅಂಗಡಿಯನ್ನಿಟ್ಟಿದ್ದ ಆಟೋ ಜ್ಯಾಕೋ ಮತ್ತು ಅವನ ಬಂಧು ವಿಲಿಯಂ ಬೆಸರ್ಡಿಕ್ ಇಬ್ಬರೂ ಇದಕ್ಕೆ ತಕ್ಕ ಕೀಲನ್ನು ರಚಿಸಿ ೧೯೦೮ರಲ್ಲಿ ಪೇಟೆಂಟು ಪಡೆದರು. ಮರುವರ್ಷ ಅದನ್ನು ಆಧರಿಸಿ ಕಂಪನಿಯೊಂದು ಹುಟ್ಟಿತು. ಅದೇ ಪ್ರಾಂತದ ಕೆನೋಷಾ ನಗರದಲ್ಲಿ ೧೯೧೩ರಿಂದ ಜೆಫರಿ ಕ್ವಾಡ್ ಎಂಬ ಟ್ರಕ್ಕು ತಯಾರಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಈ ಎರಡು ಬಗೆಯ ಟ್ರಕ್ಕುಗಳೂ ಸಾವಿರಗಟ್ಟಲೆಯಾಗಿ ಯುರೋಪಿನ ಕೆಸರಿನಲ್ಲಿ ನಡೆದುವು. ಜೀಪು ಹುಟ್ಟುವುದಕ್ಕೆ ಕಾಲು ಶತಮಾನದ ಹಿಂದಿನ ಮಾತಿದು.

ಜೀಪಿನ ವೃತ್ತಾಂತವು ೧೯೪೦ರದು. ಆ ವರ್ಷದ ಬೇಸಗೆಯಲ್ಲಿ ಅಮೆರಿಕದ ಸೇನೆಯು ಲಘುವಾದ ಚತುಶ್ಚಕ್ರಚಾಲಿತ ವಾಹನವೊಂದು ಬೇಕೆಂದು ೧೩೫ ತಯಾರಕರನ್ನು ಕೇಳಿತು. ಕಾರ್ಲ್ ಪ್ರೋಬ್ಸ್ಟ್ ಎಂಬಾತನು ರೂಪಿಸಿದ ಮಾದರಿಯನ್ನು ಬ್ಯಾಂಟಂ ಎಂಬ ಚಿಕ್ಕ ಸಂಸ್ಥೆಯು ೪೯ ದಿನಗಳ ಅವಧಿಯೊಳಗೆ, ಸೆಪ್ಟೆಂಬರು ೨೩ರಂದು, ಸೇನೆಗೆ ತಲಪಿಸಿತು. ಬ್ಯಾಂಟಮಿಗೆ ದೊಡ್ಡ ಪ್ರಮಾಣದ ತಯಾರಿಕೆಯ ಶಕ್ತಿಯಿಲ್ಲವೆಂದು ಬಗೆದು ಸೇನೆಯು ಅದರ ನಕ್ಷೆಗಳನ್ನು ವಿಲ್ಲಿಸ್ ಮತ್ತು ಫೋರ್ಡ್ ಸಂಸ್ಥೆಗಳಿಗೂ ತೋರಿಸಿತು. ಯುದ್ಧವು ಮುಗಿಯುವಷ್ಟರಲ್ಲಿ ಆ ಎರಡು ಸಂಸ್ಥೆಗಳು ಆರು ಲಕ್ಷಕ್ಕೂ ಮೀರಿ ಜೀಪುಗಳನ್ನು ತಯಾರಿಸಿದ್ದುವು.

೩

ಮುಂದಿನ ವಿಚಾರವೆಲ್ಲ ಈ ಜೀಪಿನ ರಚನೆಯನ್ನೇ ಅವಲಂಬಿಸಿರುವುದರಿಂದ ಅದನ್ನು ಸ್ವಲ್ಪ ವಿವರಿಸಬೇಕಾಗಿದೆ. ಎಂಜಿನ್ನಿನ ಬಲವು ಮೊದಲು ಗೇರುಪೆಟ್ಟಿಗೆಗೆ ಬರುವುದು. ಅದರ ಬೆನ್ನಿಗೆ ಟ್ರಾನ್ಸ್‌ಫರ್ ಕೇಸು ಎಂಬ ಇನ್ನೊಂದು ಪೆಟ್ಟಿಗೆಯುಂಟು. ಬಲವನ್ನು ಹಿಂದಿನ ಅಚ್ಚಿಗೂ ಮುಂದಿನ ಅಚ್ಚಿಗೂ ಹಂಚುವುದು ಇದರ ಕೆಲಸ. ಇದನ್ನು ಹಂಚುಪೆಟ್ಟಿಗೆಯೆನ್ನಬಹುದು. ಜೀಪಿನ ಚಾಲಕನ ಬಳಿ ಗೇರಿನ ಕೋಲಲ್ಲದೆ ಹಂಚುಪೆಟ್ಟಿಗೆಯ ಎರಡು ಕೋಲುಗಳಿದ್ದುವು: ಮುಂದಿನ ಅಚ್ಚನ್ನು ಕೂಡಿಸುವುದಕ್ಕೊಂದು, ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವುದಕ್ಕೊಂದು. ತಗ್ಗಿಸಿದಾಗ ಬಲವು ಸುಮಾರು ಇಮ್ಮಡಿಯಾಗುತ್ತಿತ್ತು. ಅಷ್ಟು ಬಲವನ್ನು ಹಿಂದಿನ ಅಚ್ಚೊಂದೇ ತಾಳಲಾರದು. ಆದಕಾರಣ ಮುಂದಿನ ಅಚ್ಚನ್ನು ಕೂಡಿಸಿದಲ್ಲದೆ ತಗ್ಗಿನ ಗೇರು ಬೀಳದಂತೆ ಪೆಟ್ಟಿಗೆಯೊಳಗೆ ಒಂದು ಸಣ್ಣ ಕಬ್ಬಿಣದ ಗುಳಿಗೆಯನ್ನು ಅಡ್ಡಗಟ್ಟಿದ್ದರು. ನಿಯಮವನ್ನು ಕಾಯುತ್ತಿದ್ದ ಆ ವಸ್ತುವನ್ನು ಪೆಟ್ಟಿಗೆ ಬಿಚ್ಚಿ ಕಣ್ಣಾರೆ ನೋಡಬಹುದಾಗಿದ್ದಿತು.

ಈ ರಚನೆಗೆ ಒಂದು ಮಿತಿಯಿದ್ದಿತು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತವನ್ನು ಸುತ್ತುವುವು. ಎಂದರೆ ಅಷ್ಟೇ ಕಾಲದಲ್ಲಿ ಹೆಚ್ಚು ಸುತ್ತುಗಳನ್ನು ತಿರುಗಬೇಕು. ಎರಡು ಅಚ್ಚುಗಳನ್ನೂ ಬಿಗಿಯಾಗಿ ಕೂಡಿಸಿದಾಗ ಈ ವ್ಯತ್ಯಾಸಕ್ಕೆ ಎಡೆಯಿಲ್ಲ. ಕೆಸರಿನಲ್ಲಾದರೆ ಚಕ್ರವು ಜಾರಿ ಸರಿಹೋಗುವುದು. ಒಣಗಿದ ರಸ್ತೆಯಲ್ಲಿ ಜಾರಲಾರದೆ ದಂಡಗಳೂ ಹಲ್ಲುಗಳೂ ಹುರಿಗೊಂಡ ಹಗ್ಗದಂತೆ ಬಿಗಿದುಕೊಳ್ಳುವುವು. ಆದ್ದರಿಂದ ಯಾವಾಗ ಕೂಡಿಸಬೇಕು, ಯಾವಾಗ ಬಿಡಿಸಬೇಕು ಎಂಬ ವಿವೇಕವು ಚಾಲಕನಲ್ಲಿರಬೇಕಾಗಿದ್ದಿತು. ಅವನ ಕೈಗೆ ಕೋಲಿನ ಬಿಗಿತವು ತಿಳಿಯುತ್ತಿತ್ತು. ಹಲ್ಲು ಸವೆದರೆ ಕಿವಿಗೆ ಸದ್ದು ಕೇಳುತ್ತಿತ್ತು. ನಿರ್ಣಯಿಸುವವನೂ ದೋಷವನ್ನು ಮೊದಲು ಅರಿಯುವವನೂ ಒಬ್ಬನೇ ಆಗಿದ್ದನು.

೧೯೪೫ರಲ್ಲಿ ಸ್ಥಾಪಿತವಾದ ಮಹೀಂದ್ರ ಸಂಸ್ಥೆಯು ಅದೇ ದಶಕದ ಕೊನೆಯ ವರ್ಷಗಳಲ್ಲಿ ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದ ರಸ್ತೆಗಳಿಗೆ ತಂದಿತು. ಕೊಡಗು, ಚಿಕ್ಕಮಗಳೂರು ಸೀಮೆಗಳ ಕಾಫಿ ತೋಟಗಳಲ್ಲಿ, ಮಳೆಗಾಲದ ಏರುದಾರಿಗಳಲ್ಲಿ, ಜೀಪು ಮನೆಮಾತಾದುದು ಕನ್ನಡಿಗರಿಗೆ ತಿಳಿದೇ ಇದೆ. ಅಲ್ಲಿಯ ಮೇಸ್ತ್ರಿಗಳು ಯಾವ ಶಾಲೆಯಲ್ಲಿಯೂ ಓದದೆ ಅದರ ಚಿಕಿತ್ಸೆಯನ್ನು ಕಲಿತದ್ದು ಮೇಲೆ ಹೇಳಿದ ಪ್ರತ್ಯಕ್ಷತೆಯಿಂದಲೇ.

೪

ಕೂಡಿಸುವ ವಿವೇಕವನ್ನು ಚಾಲಕನಿಂದ ಯಂತ್ರಕ್ಕೆ ಒಪ್ಪಿಸುವ ಪ್ರಯತ್ನವು ಯುದ್ಧಾನಂತರ ಆರಂಭವಾಯಿತು. ಎರಡು ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಎಂಬ ಭೇದಕ ಗೇರನ್ನಿಟ್ಟರೆ ಅವು ಬೇರೆಬೇರೆ ವೇಗದಲ್ಲಿ ತಿರುಗಬಹುದು. ಹಾಗಾದರೆ ನಾಲ್ಕು ಚಕ್ರಗಳಿಗೂ ಸದಾ ಬಲವನ್ನು ಕೊಡಬಹುದು. ಟ್ರಾಕ್ಟರುಗಳಿಂದ ಖ್ಯಾತನಾದ ಹ್ಯಾರಿ ಫರ್ಗುಸನ್ನನ ಸಂಸ್ಥೆಯು ಈ ಮಾರ್ಗದಲ್ಲಿ ಬಹಳ ಶ್ರಮಪಟ್ಟಿತು. ೧೯೬೬ರಲ್ಲಿ ಹೊರಬಂದ ಜೆನ್ಸನ್ ಎಫ್‌ಎಫ್ ಎಂಬ ಕಾರು ಆ ಶ್ರಮದ ಫಲ. ಆದರೆ ತಯಾರಾದುವು ೩೨೦ ಮಾತ್ರ. ೧೯೭೦ರ ರೇಂಜ್ ರೋವರ್ ಈ ನಿತ್ಯಚಾಲನೆಯನ್ನು ಕಾಡುದಾರಿಯ ವಾಹನಕ್ಕೆ ತಂದಿತು. ೧೯೮೦ರ ಮಾದರಿಯ ಎಎಂಸಿ ಈಗಲ್ ಎಂಬ ಅಮೆರಿಕದ ಕಾರಿನಲ್ಲಿ ಸಿಲಿಕೋನ್ ದ್ರವದಲ್ಲಿ ಮುಳುಗಿದ ತೆಳುವಾದ ಬಿಲ್ಲೆಗಳ ಸಾಲೊಂದನ್ನು ನಡುವೆ ಇಡಲಾಗಿದ್ದಿತು. ಒಂದು ಅಚ್ಚು ಜಾರಿ ವೇಗವಾಗಿ ತಿರುಗಿದರೆ ಬಿಲ್ಲೆಗಳ ನಡುವಣ ದ್ರವವೇ ಅದನ್ನು ತಡೆದು ಬಲವನ್ನು ಇನ್ನೊಂದಕ್ಕೆ ಒಯ್ಯುವುದು. ಇಲ್ಲಿ ನಿರ್ಣಯವು ಕೈಯನ್ನು ಬಿಟ್ಟಿತಾದರೂ ಪದಾರ್ಥದ ಸ್ವಭಾವದಲ್ಲಿಯೇ ಅಡಗಿತ್ತು. ದ್ರವವು ಕೆಟ್ಟರೆ ಅಚ್ಚುಗಳ ನಡತೆಯೇ ಅದನ್ನು ತೋರಿಸುತ್ತಿತ್ತು.

ಮೂರನೆಯ ಹಂತದಲ್ಲಿ ನಿರ್ಣಯವು ವಿದ್ಯುತ್ಸಂಕೇತಕ್ಕೆ ಸಂದಿತು. ಹಂಚುಪೆಟ್ಟಿಗೆಯ ಕೋಲನ್ನು ತೆಗೆದು, ಅದರ ಬದಲು ಪೆಟ್ಟಿಗೆಯ ಮೇಲೆ ಸಣ್ಣ ವಿದ್ಯುತ್ ಮೋಟಾರನ್ನು ಕೂರಿಸಿ, ಚಾಲಕನ ಮುಂದೆ ಗುಂಡಿಯನ್ನಿಡುವ ಪದ್ಧತಿಯು ೧೯೮೦ರ ದಶಕದಲ್ಲಿ ಬಳಕೆಗೆ ಬಂದಿತು. ೧೯೯೫ರ ಫೋರ್ಡ್ ಎಕ್ಸ್‌ಪ್ಲೋರರಿನಲ್ಲಿ ಗುಂಡಿಯನ್ನು ಒತ್ತುವ ಕೆಲಸವೂ ತಪ್ಪಿತು: ಹಿಂದಿನ ಚಕ್ರವು ಜಾರಿದುದನ್ನು ಸಂವೇದಕಗಳು ತಿಳಿಸಿದೊಡನೆ ಗಣಕವೇ ವಿದ್ಯುತ್ಕಾಂತದ ಕ್ಲಚ್ಚನ್ನು ಬಿಗಿದು ಮುಂದಿನ ಅಚ್ಚಿಗೆ ಬಲವನ್ನು ಕಳುಹುತ್ತಿತ್ತು. ಇದೇ ಕಾಲದಲ್ಲಿ ಗೇರುಪೆಟ್ಟಿಗೆಯೂ ಗಣಕದ ವಶವಾಯಿತು. ಹಿಂದೆ ಸ್ವಯಂಚಾಲಿತ ಗೇರುಗಳು ಎಣ್ಣೆಯ ಒತ್ತಡಕ್ಕನುಸಾರವಾಗಿ ಬದಲಾಗುತ್ತಿದ್ದುವು. ಈಗ ಒತ್ತಡವನ್ನು ತೆರೆದು ಮುಚ್ಚುವ ಕವಾಟಗಳನ್ನು ವಿದ್ಯುತ್ತಿನಿಂದ ಆಡಿಸಲಾರಂಭಿಸಿದರು. ಜನರಲ್ ಮೋಟಾರ್ಸ್ ಸಂಸ್ಥೆಯ ೧೯೯೩ರ ೪ಎಲ್೬೦-ಇ ಎಂಬ ಪೆಟ್ಟಿಗೆಯ ಹೆಸರಿನ ಕೊನೆಯ ಅಕ್ಷರವು ಎಲೆಕ್ಟ್ರಾನಿಕ್ ಎಂಬುದರ ಗುರುತು.

ಎಂಜಿನ್ನು, ಗೇರುಪೆಟ್ಟಿಗೆ, ಹಂಚುಪೆಟ್ಟಿಗೆ, ಬ್ರೇಕು ಇವುಗಳ ಗಣಕಗಳು ತಮ್ಮೊಳಗೆ ಮಾತನಾಡಿಕೊಳ್ಳಬೇಕಾದ ಅಗತ್ಯವೂ ಬಂದಿತು. ಜರ್ಮನಿಯ ಬಾಷ್ ಸಂಸ್ಥೆಯು ೧೯೮೬ರಲ್ಲಿ ಪ್ರಕಟಿಸಿದ ಕ್ಯಾನ್ ಎಂಬ ಏರ್ಪಾಡಿನಿಂದ ಒಂದೇ ಜೋಡಿ ತಂತಿಯ ಮೇಲೆ ಈ ಸಂಭಾಷಣೆಯೆಲ್ಲ ಸಾಧ್ಯವಾಯಿತು. ಒಂದು ಚಕ್ರದ ವೇಗವನ್ನು ಒಬ್ಬರು ಅಳೆದರೆ ಸಾಕು. ಅದನ್ನು ಬ್ರೇಕಿನ ಗಣಕವೂ ಹಂಚುಪೆಟ್ಟಿಗೆಯ ಗಣಕವೂ ಹಂಚಿಕೊಳ್ಳುವುವು. ತಂತಿಗಳ ಹೊರೆಯು ಇದರಿಂದ ತಗ್ಗಿತೆಂಬುದು ನಿಜ. ಆದರೆ ಒಂದೆಡೆಯ ದೋಷವು ಹಲವೆಡೆ ಕಾಣಿಸಿಕೊಳ್ಳುವ ಸ್ಥಿತಿಯೂ ಇದರಿಂದಲೇ ಒದಗಿತು. ಚಕ್ರದ ಬಳಿಯ ಒಂದು ಸಂವೇದಕಕ್ಕೆ ಕೆಸರು ತುಂಬಿದರೆ ಬ್ರೇಕಿನ ದೀಪ, ಜಾರುತಡೆಯ ದೀಪ, ಚತುಶ್ಚಕ್ರಚಾಲನೆಯ ದೀಪ ಮೂರೂ ಒಟ್ಟಿಗೆ ಹತ್ತಬಹುದು. ಕೆಟ್ಟಿರುವುದು ಮೂರಲ್ಲ, ಒಂದು.

೫

ಇಲ್ಲಿ ನಿದಾನದ ಸ್ವರೂಪವೇ ಬದಲಾಯಿತೆಂಬುದನ್ನು ಗಮನಿಸಬೇಕು. ನಮ್ಮ ತರ್ಕಶಾಸ್ತ್ರದಲ್ಲಿ ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಶುದ್ಧವಾದ ಅನುಮಾನಕ್ಕೆ ಉದಾಹರಣೆ, ಬೆಂಕಿಯಿಲ್ಲದೆಡೆ ಹೊಗೆಯಿರದು. ಬೆಟ್ಟವು ಅರಿಯತಕ್ಕ ವಸ್ತುವಾಗಿರುವುದರಿಂದ ಅಲ್ಲಿ ಬೆಂಕಿಯಿದೆಯೆಂದು ವಾದಿಸಿದರೆ ಅದು ಸವ್ಯಭಿಚಾರವೆಂಬ ಹೇತ್ವಾಭಾಸ. ಕೆರೆಯೂ ಅರಿಯತಕ್ಕ ವಸ್ತುವೇ, ಅಲ್ಲಿ ಬೆಂಕಿಯಿಲ್ಲ. ವಾಹನದ ದೀಪವು ಈ ಎರಡನೆಯ ಬಗೆಯ ಹೇತುವಿಗೆ ಸಮೀಪವಾದುದು. ಅದು ಹತ್ತಿದುದರಿಂದ ಏನೋ ಒಂದು ಸರಿಯಿಲ್ಲವೆಂಬಷ್ಟು ಸಿದ್ಧವಾಗುವುದೇ ಹೊರತು ಇಂಥದೇ ಕೆಟ್ಟಿದೆಯೆಂದು ಸಿದ್ಧವಾಗುವುದಿಲ್ಲ.

ಗೇರುಪೆಟ್ಟಿಗೆಯ ಗಣಕವು ತಾನೂ ಅನುಮಾನವನ್ನೇ ಮಾಡುವುದು. ಒಳಗೆ ಬರುವ ದಂಡದ ವೇಗವನ್ನೂ ಹೊರಗೆ ಹೋಗುವ ದಂಡದ ವೇಗವನ್ನೂ ಅಳೆದು, ಗೇರಿನ ಪ್ರಮಾಣಕ್ಕೆ ಅವು ಹೊಂದದಿದ್ದರೆ ಒಳಗಿನ ಕ್ಲಚ್ಚು ಜಾರುತ್ತಿದೆಯೆಂದು ಬಗೆದು, ಪೆಟ್ಟಿಗೆಯನ್ನು ಉಳಿಸುವುದಕ್ಕಾಗಿ ಒಂದೇ ಗೇರಿನಲ್ಲಿ ನಿಲ್ಲಿಸಿಬಿಡುವುದು. ಕ್ಲಚ್ಚು ನಿಜವಾಗಿ ಸವೆದಿದ್ದರೂ ಹೀಗಾಗುವುದು. ವೇಗವನ್ನಳೆಯುವ ಸಂವೇದಕವು ತಪ್ಪಿ ಹೇಳಿದರೂ, ಜೋಡಣೆಯೊಳಗೆ ನೀರು ಸೇರಿದ್ದರೂ ಹೀಗೆಯೇ ಆಗಬಹುದು. ಬ್ಯಾಟರಿಯ ಶಕ್ತಿ ಕುಂದಿದಾಗಲೂ, ಭೂಸಂಪರ್ಕದ ತಂತಿಗೆ ತುಕ್ಕು ಹಿಡಿದಾಗಲೂ ಗಣಕಗಳು ಇಲ್ಲದ ದೋಷವನ್ನು ಸಾರುವುದುಂಟು. ಮೊದಲನೆಯದಕ್ಕೆ ಪೆಟ್ಟಿಗೆಯನ್ನೇ ಬಿಚ್ಚಬೇಕು. ಉಳಿದವುಗಳಿಗೆ ಅಲ್ಪ ವೆಚ್ಚವು ಸಾಕು. ಈ ಭೇದವನ್ನು ಪರೀಕ್ಷಿಸದೆ ಪೆಟ್ಟಿಗೆಯನ್ನು ಬದಲಾಯಿಸಿದ ಗೃಹಸ್ಥನು ಹಣವನ್ನು ಕಳೆದುಕೊಳ್ಳುವನು, ದೋಷವು ಮಾತ್ರ ಉಳಿಯುವುದು.

ಟೈರಿನಿಂದಲೂ ದೋಷವು ಹುಟ್ಟಬಹುದೆಂಬುದಕ್ಕೆ ಒಂದು ಲೆಕ್ಕವನ್ನು ನೋಡಬಹುದು. ಹಿಂದಿನ ಟೈರುಗಳ ಸುತ್ತಳತೆಯು ೨.೨೦ ಮೀಟರು, ಸವೆದ ಮುಂದಿನ ಟೈರುಗಳದು ೨.೧೫ ಮೀಟರು ಎಂದಿಟ್ಟುಕೊಳ್ಳೋಣ. ಒಂದು ಕಿಲೋಮೀಟರಿಗೆ ಹಿಂದಿನವು ಸುಮಾರು ೪೫೫ ಸುತ್ತು, ಮುಂದಿನವು ಸುಮಾರು ೪೬೫ ಸುತ್ತು ತಿರುಗುವುವು. ನೂರು ಕಿಲೋಮೀಟರಿಗೆ ವ್ಯತ್ಯಾಸವು ಸಾವಿರ ಸುತ್ತುಗಳನ್ನು ಮೀರುವುದು. ನೇರವಾದ ದಾರಿಯಲ್ಲಿಯೂ ಹಂಚುಪೆಟ್ಟಿಗೆಯ ಕ್ಲಚ್ಚು ಈ ವ್ಯತ್ಯಾಸವನ್ನು ಬಿಡುವಿಲ್ಲದೆ ನುಂಗಿ ಕಾಯುತ್ತಿರುವುದು. ಗಣಕವು ಇದನ್ನು ಚಕ್ರದ ಜಾರುವಿಕೆಯೆಂದು ತಿಳಿಯಲೂ ಬಹುದು. ನಾಲ್ಕು ಟೈರುಗಳೂ ಒಂದೇ ಅಳತೆಯವಾಗಿರಬೇಕೆಂಬ ವಿಧಿಗೆ ಇದೇ ಕಾರಣ.

೬

ಗಣಕವು ತನ್ನ ಅನುಮಾನವನ್ನು ಹೊರಗಿನವರಿಗೆ ತಿಳಿಸಬೇಕಷ್ಟೆ. ಮೊದಮೊದಲು ಪ್ರತಿಯೊಬ್ಬ ತಯಾರಕನೂ ತನ್ನದೇ ಆದ ಸಂಕೇತಭಾಷೆಯನ್ನಿಟ್ಟಿದ್ದನು. ಸಮಾನವಾದ ಭಾಷೆಯು ಬಂದುದು ೧೯೯೬ರ ಮಾದರಿಗಳಿಂದ, ಅಮೆರಿಕದಲ್ಲಿ, ಒಬಿಡಿ ಎರಡು ಎಂಬ ಶಾಸನದ ಮೂಲಕ. ಈ ಶಾಸನದ ಮೂಲವನ್ನು ಅರಸಿದರೆ ನಮ್ಮ ಪ್ರಶ್ನೆಗೆ ಉತ್ತರವು ದೊರೆಯುವುದು. ಲಾಸ್ ಏಂಜಲೀಸ್ ಮೊದಲಾದ ನಗರಗಳ ಮೇಲೆ ಕವಿಯುತ್ತಿದ್ದ ಹೊಗೆಮಂಜನ್ನು ತಗ್ಗಿಸುವುದಕ್ಕೆಂದು ಕ್ಯಾಲಿಫೋರ್ನಿಯಾ ಪ್ರಾಂತದ ವಾಯುಮಂಡಲಿಯು ೧೯೮೮ರ ಮಾದರಿಗಳಿಂದಲೇ ವಾಹನಗಳು ತಮ್ಮ ದೋಷವನ್ನು ತಾವೇ ಗುರುತಿಸಬೇಕೆಂದು ವಿಧಿಸಿತ್ತು. ೧೯೯೦ರಲ್ಲಿ ತಿದ್ದುಪಡಿಯಾದ ಶುದ್ಧವಾಯು ಶಾಸನವು ಅದನ್ನು ದೇಶಕ್ಕೆಲ್ಲ ವ್ಯಾಪಿಸಿತು. ಯಂತ್ರದ ಬಾಯನ್ನು ತೆರೆಸಿದ ಈ ಕಾನೂನು ಹೊಗೆಗಾಗಿ ಹುಟ್ಟಿತು, ಚಕ್ರಕ್ಕಾಗಿ ಅಲ್ಲ. ಹೊಗೆಯ ಮೇಲೆ ಪರಿಣಾಮವನ್ನುಂಟುಮಾಡುವ ಎಂಜಿನ್ನು ಮತ್ತು ಗೇರುಪೆಟ್ಟಿಗೆಗಳ ದೋಷಗಳು ಸರ್ವಸಾಮಾನ್ಯವಾದ ಭಾಷೆಗೆ ಸೇರಿದುವು; ಹಂಚುಪೆಟ್ಟಿಗೆಯ ದೋಷಗಳು ಬಹುಮಟ್ಟಿಗೆ ತಯಾರಕರ ಸ್ವಂತ ಭಾಷೆಯಲ್ಲಿಯೇ ಉಳಿದುವು. ಅಗ್ಗದ ಉಪಕರಣವು ಇವುಗಳ ವಿಷಯದಲ್ಲಿ ಮೌನವಾಗಿರುವುದಕ್ಕೆ ಇದೇ ಚಾರಿತ್ರಿಕ ಕಾರಣ.

ಸಮಾನ ಭಾಷೆಯಲ್ಲಿಯೂ ಕೆಲವು ಪದಗಳು ತೀರ ಸಾಮಾನ್ಯಾರ್ಥದವು. ಪಿ ೦೭೦೦ ಎಂಬ ಸಂಕೇತವನ್ನು ತೆಗೆದುಕೊಳ್ಳಿರಿ. ಗೇರುಪೆಟ್ಟಿಗೆಯ ಗಣಕವು ಏನನ್ನೋ ದಾಖಲಿಸಿಕೊಂಡಿದೆ, ಅದನ್ನೇ ಕೇಳಿರಿ ಎಂಬಷ್ಟೇ ಇದರ ಅರ್ಥ. ವೈದ್ಯನು ಜ್ವರವಿದೆಯೆಂದು ಹೇಳಿ ಸುಮ್ಮನಾದಂತೆ ಇದು. ಯು ೦೧೦೧ ಎಂಬುದು ಆ ಗಣಕದೊಡನೆ ಮಾತೇ ನಿಂತುಹೋಗಿದೆಯೆಂದು ತಿಳಿಸುವುದು. ಅಲ್ಲಿ ಪೆಟ್ಟಿಗೆಯನ್ನು ಶಂಕಿಸುವುದಕ್ಕೆ ಮೊದಲು ತಂತಿಯನ್ನು ಶಂಕಿಸುವುದು ನ್ಯಾಯ. ಸಂಕೇತವನ್ನು ನಿರ್ಣಯವೆಂದು ತಿಳಿಯದೆ ಶೋಧನೆಯ ಆರಂಭವೆಂದು ತಿಳಿಯುವವನೇ ನಿಜವಾದ ಚಿಕಿತ್ಸಕನು.

೭

ವಿಷಯವು ಹಣದ ನಷ್ಟದಷ್ಟಕ್ಕೇ ನಿಲ್ಲುವುದಿಲ್ಲವೆಂಬುದಕ್ಕೆ ೨೦೧೩ರ ಒಂದು ಪ್ರಕರಣವು ಸಾಕ್ಷಿಯಾಗಿದೆ. ಸ್ವಯಂಚಾಲಿತ ಗೇರಿನ ವಾಹನವನ್ನು ನಿಲ್ಲಿಸಿ ಪಾರ್ಕ್ ಎಂಬ ಸ್ಥಾನದಲ್ಲಿಟ್ಟಾಗ ಗೇರುಪೆಟ್ಟಿಗೆಯಿಂದ ಹೊರಬರುವ ದಂಡಕ್ಕೆ ಒಂದು ಕೊಕ್ಕೆ ಬೀಳುವುದು. ಆ ದಂಡಕ್ಕೂ ಚಕ್ರಗಳಿಗೂ ನಡುವೆ ಇರುವುದು ಹಂಚುಪೆಟ್ಟಿಗೆ. ಅದು ತಟಸ್ಥಸ್ಥಾನಕ್ಕೆ ಬಂದರೆ ನಡುವಣ ಸಂಬಂಧವೇ ಕಡಿದು, ಕೊಕ್ಕೆಯು ಬಿದ್ದಿದ್ದರೂ ಚಕ್ರಗಳು ಸ್ವತಂತ್ರವಾಗುವುವು. ಕೋಲಿನ ಕಾಲದಲ್ಲಿ ಯಾರಾದರೂ ಕೈಯಿಂದ ಎಳೆದಲ್ಲದೆ ಹೀಗಾಗುತ್ತಿರಲಿಲ್ಲ. ೨೦೦೫ರಿಂದ ೨೦೧೦ರವರೆಗಿನ ಜೀಪ್ ಗ್ರ್ಯಾಂಡ್ ಚೆರೋಕಿ ಮತ್ತು ೨೦೦೬ರಿಂದ ೨೦೧೦ರವರೆಗಿನ ಜೀಪ್ ಕಮ್ಯಾಂಡರ್ ವಾಹನಗಳಲ್ಲಿ ನಿಯಂತ್ರಕದ ವಿದ್ಯುತ್ಫಲಕವು ಬಿರುಕುಬಿಟ್ಟು ತಪ್ಪು ಸಂಕೇತವನ್ನು ಕಳುಹಿಸಿ, ಚಾಲಕನ ಅಪ್ಪಣೆಯಿಲ್ಲದೆಯೇ ಹಂಚುಪೆಟ್ಟಿಗೆಯು ತಟಸ್ಥವಾಗಬಹುದೆಂದು ತಿಳಿದುಬಂದಿತು. ಕೈಬ್ರೇಕು ಹಾಕದಿದ್ದರೆ ನಿಂತ ವಾಹನವು ಉರುಳಿಹೋಗಬಹುದಾಗಿದ್ದಿತು. ಕ್ರೈಸ್ಲರ್ ಸಂಸ್ಥೆಯು ಸುಮಾರು ೪,೬೯,೦೦೦ ವಾಹನಗಳನ್ನು ತಿದ್ದುಪಡಿಗಾಗಿ ಹಿಂದಕ್ಕೆ ಕರೆಯಿತು. ಗಣಕಕ್ಕೆ ಕೊಟ್ಟ ಆದೇಶಗಳನ್ನು ಬದಲಿಸುವುದರ ಮೂಲಕ ಅದಕ್ಕೆ ಪರಿಹಾರವನ್ನು ಮಾಡಲಾಯಿತು.

ಯುದ್ಧಕಾಲದ ಜೀಪಿನ ಕಬ್ಬಿಣದ ಗುಳಿಗೆಯನ್ನು ಇಲ್ಲಿ ಸ್ಮರಿಸಬೇಕು. ಆ ಗುಳಿಗೆಯು ಕಾಯುತ್ತಿದ್ದಂತಹ ನಿಯಮಗಳು ಈಗ ಆದೇಶರೂಪದಲ್ಲಿವೆ. ಕಬ್ಬಿಣವು ಸವೆಯುವುದಕ್ಕೆ ವರ್ಷಗಳು ಬೇಕು, ಸವೆದುದು ಕಣ್ಣಿಗೆ ಕಾಣುವುದು. ಫಲಕದ ಬಿರುಕಾದರೋ ಬೀದಿಯಲ್ಲಿ ನಿಂತ ವಾಹನವು ತಾನಾಗಿ ಸರಿದಾಗಲೇ ಗೊತ್ತಾಗಬಹುದು.

ಈ ಕಾರಣದಿಂದ ಹಿಂದಿನದಕ್ಕೇ ಮರಳಬೇಕೆಂದು ವಾದಿಸುವುದು ಯುಕ್ತವಲ್ಲ. ಜಾರುವ ದಾರಿಯಲ್ಲಿ ಮನುಷ್ಯನ ಕೈಗಿಂತ ಶೀಘ್ರವಾಗಿ ಬಲವನ್ನು ಹಂಚುವ ಏರ್ಪಾಡು ಅನೇಕರನ್ನು ಅಪಾಯದಿಂದ ತಪ್ಪಿಸಬಲ್ಲುದು. ಎರಡು ಮಾರ್ಗಗಳೂ ಜೊತೆಯಾಗಿ ನಡೆದುಬಂದಿರುವುದೂ ಉಂಟು: ಮಹೀಂದ್ರ ಸಂಸ್ಥೆಯು ೨೦೨೦ರಲ್ಲಿ ಹೊರತಂದ ಥಾರ್ ವಾಹನದಲ್ಲಿ ಹಂಚುಪೆಟ್ಟಿಗೆಗೆ ಕೈಕೋಲನ್ನೇ ಉಳಿಸಿಕೊಂಡಿತು, ೨೦೨೨ರ ಸ್ಕಾರ್ಪಿಯೋ-ಎನ್‌ನಲ್ಲಿ ವಿದ್ಯುತ್ ಗುಂಡಿಯನ್ನಿಟ್ಟಿತು.

ಸಂಗ್ರಹವಾಗಿ ಹೇಳುವುದಾದರೆ, ಕಳೆದ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕಿದ ಈ ಇತಿಹಾಸದಲ್ಲಿ ನಿರ್ಣಯಾಧಿಕಾರವು ಚಾಲಕನ ಕೈಯಿಂದ ದ್ರವಕ್ಕೂ, ದ್ರವದಿಂದ ಸಂಕೇತಕ್ಕೂ ಸಾಗಿತು. ದೋಷವನ್ನು ಅರಿಯುವ ಸಾಧನವು ಅದೇ ವೇಗದಲ್ಲಿ ಜನರ ಕೈಗೆ ಬರಲಿಲ್ಲ. ಬಂದಷ್ಟಾದರೂ ಬಂದುದು ಹೊಗೆಯ ಶಾಸನದ ಪ್ರಾಸಂಗಿಕ ಫಲವಾಗಿ. ಈ ಅಂತರವು ತಾನಾಗಿ ಮುಚ್ಚುವುದಿಲ್ಲವೆಂಬುದನ್ನು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಜನರು ಮನಗಂಡರು. ತಯಾರಕರು ತಮ್ಮ ದುರಸ್ತಿಗಾರರಿಗೆ ಕೊಡುವ ನಿದಾನಸಾಮಗ್ರಿಯನ್ನು ಇತರ ದುರಸ್ತಿಗಾರರಿಗೂ ಕೊಡಬೇಕೆಂದು ೨೦೧೨ರಲ್ಲಿ ಅವರು ಬಹುಮತದಿಂದ ನಿಶ್ಚಯಿಸಿದರು. ೨೦೧೪ರಲ್ಲಿ ತಯಾರಕರ ಸಂಘಗಳು ಅದನ್ನು ಆ ದೇಶಕ್ಕೆಲ್ಲ ಅನ್ವಯಿಸುವ ಒಡಂಬಡಿಕೆಗೆ ಬಂದುವು. ಮಲೆನಾಡಿನ ಏರುದಾರಿಗಳಲ್ಲಿ ಇಂತಹ ವಾಹನಗಳನ್ನು ನೆಚ್ಚಿ ಬಾಳುವ ನಮ್ಮವರಿಗೂ ಈ ವಿಚಾರವು ದೂರದ್ದಲ್ಲ. ಅಂತಹ ತಿಳಿವು ಊರಿನ ಮೇಸ್ತ್ರಿಗೆ ದೊರೆಯುವ ತನಕ ಚಾಲಕನು ಮಾಡಬೇಕಾದುವು ಕೆಲವಿವೆ: ವಾಹನವನ್ನು ನಿಲ್ಲಿಸಿದಾಗಲೆಲ್ಲ ಕೈಬ್ರೇಕನ್ನು ಹಾಕುವುದು, ನಾಲ್ಕು ಟೈರುಗಳನ್ನೂ ಸಮನಾಗಿಡುವುದು, ದೀಪವು ಹತ್ತಿದರೆ ಪೆಟ್ಟಿಗೆಯನ್ನು ಬಿಚ್ಚಿಸುವ ಮೊದಲು ಬ್ಯಾಟರಿ, ತಂತಿ, ಸಂವೇದಕಗಳನ್ನು ಪರೀಕ್ಷೆ ಮಾಡಿಸುವುದು.